ಧೂಮಪಾನದ ಸರಾಸರಿ ಇಳಿದಿದೆ, ಅಂತರ ಇಳಿದಿದೆಯೇ?

ಭಾರತದ ವಯಸ್ಕರ ತಂಬಾಕು ಸಮೀಕ್ಷೆಯ (ಗ್ಯಾಟ್ಸ್) ಮೊದಲ ಸುತ್ತು 2009-10ರಲ್ಲಿ, ಎರಡನೆಯದು 2016-17ರಲ್ಲಿ ನಡೆಯಿತು. ಕೇಂದ್ರ ಆರೋಗ್ಯ ಸಚಿವಾಲಯಕ್ಕಾಗಿ ಎರಡನೆಯ ಸುತ್ತನ್ನು ನಡೆಸಿದ್ದು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 15 ವರ್ಷ ಮತ್ತು ಮೇಲ್ಪಟ್ಟ 74,037 ಮಂದಿಯನ್ನು ಮನೆಮನೆಗೆ ಹೋಗಿ ಪ್ರಶ್ನಿಸಲಾಯಿತು. ಎರಡೂ ಸುತ್ತುಗಳ ಮುಖ್ಯ ಪ್ರಶ್ನೆಗಳು ಒಂದೇ ಆದುದರಿಂದ ಹೋಲಿಕೆ ಸಾಧ್ಯ. ಇದು ವರದಿಯ ದೊಡ್ಡ ಗುಣ.

ಕರ್ನಾಟಕದಲ್ಲಿ ಒಟ್ಟು ತಂಬಾಕು ಬಳಕೆ ಶೇ. 28.2ರಿಂದ 22.8ಕ್ಕೆ ಇಳಿದಿದೆ. ದೇಶದಲ್ಲಿ ಧೂಮಪಾನಿಗಳ ಪ್ರಮಾಣ ಶೇ. 14.0ರಿಂದ 10.7ಕ್ಕೆ ಬಂದಿದೆ. ಸಂತೋಷದ ಸುದ್ದಿಯೇ. ಆದರೆ ಈ ಸರಾಸರಿಯನ್ನು ಒಡೆದು ನೋಡಿ. ಸಿಗರೇಟು ಸೇದುವವರು ಶೇ. 5.7ರಿಂದ 4.0ಕ್ಕೆ ಇಳಿದರು, ಬೀಡಿ ಸೇದುವವರು ಶೇ. 9.2ರಿಂದ 7.7ಕ್ಕೆ. (ಎರಡನ್ನೂ ಸೇದುವವರಿರುವುದರಿಂದ ಇವುಗಳ ಮೊತ್ತ ಒಟ್ಟು ಪ್ರಮಾಣವನ್ನು ಮೀರುತ್ತದೆ.) ಕಳೆದು ನೋಡಿದರೆ 1.7 ಮತ್ತು 1.5 ಅಂಶ, ಹೆಚ್ಚುಕಡಿಮೆ ಸಮ. ಮೊದಲಿದ್ದ ಪ್ರಮಾಣದಿಂದ ಭಾಗಿಸಿದರೆ ಸಿಗರೇಟಿನ ಇಳಿಕೆ ಸುಮಾರು ಶೇ. 30, ಬೀಡಿಯದು ಶೇ. 16 ಮಾತ್ರ!

ಬೀಡಿ ಹೆಚ್ಚಾಗಿ ಬಡವರ, ಕಡಿಮೆ ಓದಿದವರ, ಹಳ್ಳಿಗರ ಚಟ. ಅದರ ಹೊಗೆ ಸಿಗರೇಟಿನ ಹೊಗೆಗಿಂತ ಸೌಮ್ಯವೇನಲ್ಲ. ಆದರೂ 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿನ ಮೇಲೆ ಬಿದ್ದ ಸೆಸ್ ಬೀಡಿಯ ಮೇಲೆ ಬೀಳಲಿಲ್ಲ. ಸರಾಸರಿಯ ಇಳಿಕೆಯನ್ನಷ್ಟೇ ಎತ್ತಿ ಹೇಳಿದರೆ ಹಿಂದುಳಿದವರು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ಕೊರತೆ ಅಂಕಿಗಳ ಗಾತ್ರದ್ದು. ವರದಿ ರಾಜ್ಯದ ಮಟ್ಟಕ್ಕೆ, ಹೆಚ್ಚೆಂದರೆ ನಗರ-ಗ್ರಾಮ ವಿಭಾಗಕ್ಕೆ ನಿಲ್ಲುತ್ತದೆ. ಬೆಂಗಳೂರಿನ ಮಹದೇವಪುರವನ್ನು ತೆಗೆದುಕೊಳ್ಳಿ. ವೈಟ್‌ಫೀಲ್ಡಿನ ಐಟಿ ಪಾರ್ಕು, ಹೂಡಿಯ ಕೈಗಾರಿಕಾ ಪ್ರದೇಶ, ವಲಸೆ ಕಟ್ಟಡ ಕಾರ್ಮಿಕರ ಶೆಡ್ಡುಗಳು, ಎಲ್ಲವೂ ಕೆಲವೇ ಕಿಲೋಮೀಟರುಗಳೊಳಗೆ. ವರದಿಯ ಪಟ್ಟಿಯಲ್ಲಿ ಇವರೆಲ್ಲ 'ನಗರವಾಸಿಗಳು'! ಮೇಲಾಗಿ ಸಮೀಕ್ಷೆ ಕುಟುಂಬಗಳನ್ನು ಆಧರಿಸಿದ್ದು; ಹಾಸ್ಟೆಲ್‌ನಂಥ ಸಾಮೂಹಿಕ ವಸತಿಗಳು ಅದರ ಹೊರಗೆ. ಹಾಗಿದ್ದಲ್ಲಿ ಕಾಮಗಾರಿ ಮುಗಿದೊಡನೆ ಎತ್ತಿಕೊಂಡು ಹೋಗುವ ಶೆಡ್ಡಿನ ನಿವಾಸಿಗೆ ಮಾದರಿಯಲ್ಲಿ ಸೇರುವ ಅವಕಾಶ ಎಷ್ಟು?

ಮೂರನೆಯದು, ಉತ್ತರಗಳೆಲ್ಲ ಸ್ವಯಂ ಹೇಳಿಕೆಗಳು. ರಕ್ತ, ಮೂತ್ರ ಅಥವಾ ಜೊಲ್ಲಿನಲ್ಲಿ ಕೋಟಿನಿನ್ ಅಳೆಯುವ ಪರೀಕ್ಷೆ ಇಲ್ಲ. ಧೂಮಪಾನಿ ಮಹಿಳೆಯರು ಶೇ. 2.9ರಿಂದ 2.0ಕ್ಕೆ ಇಳಿದರೆಂಬ ಅಂಕಿಯನ್ನು, ಸಮಾಜದ ಭಯದಿಂದ ಮುಚ್ಚಿಡುವವರೂ ಇರುತ್ತಾರೆಂಬ ಎಚ್ಚರದಿಂದಲೇ ಓದಬೇಕು.

ಕರ್ನಾಟಕದ 2025ರ ತಿದ್ದುಪಡಿ ಕಾಯಿದೆ ತಂಬಾಕು ಮಾರಾಟದ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದೆ. ಅದರ ಫಲವನ್ನು ಅಳೆಯುವಾಗ 'ಎಷ್ಟು ಇಳಿಯಿತು?' ಎಂಬುದರ ಜೊತೆ 'ಯಾರಲ್ಲಿ ಇಳಿಯಿತು?' ಎಂದೂ ಕೇಳಬೇಕು. ಶಿಕ್ಷಕರು ಮೇಲಿನ ನಾಲ್ಕು ಬೀಡಿ-ಸಿಗರೇಟು ಸಂಖ್ಯೆಗಳನ್ನು ತರಗತಿಯ ಕಪ್ಪುಹಲಗೆಯ ಮೇಲೆ ಬರೆದು, ಎರಡೂ ಬಗೆಯಲ್ಲಿ ಲೆಕ್ಕ ಮಾಡಿಸಲಿ. ಒಂದೇ ದತ್ತಾಂಶ ಎರಡು ಕಥೆ ಹೇಳುವುದನ್ನು ವಿದ್ಯಾರ್ಥಿಗಳು ತಾವೇ ಕಾಣುವರು.