ದಾರದ ದಾರಿ, ಗಾಳಿಯ ದಾರಿ

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಎಷ್ಟು ದೂರ ಎಂದು ಕೇಳಿದರೆ 13,993 ಕಿಲೋಮೀಟರ್ ಎಂಬ ಉತ್ತರ ಸಿದ್ಧವಾಗಿದೆ. ಲೆಕ್ಕ ಸರಿಯೇ. ಆದರೆ ಆ ಲೆಕ್ಕದ ಗೆರೆ ಹಿಡಿದು ಯಾವ ಪೈಲಟ್ಟೂ ಹೋಗುವುದಿಲ್ಲ.

ಗೋಡೆಯ ನಕ್ಷೆ ಬಿಡಿ, ಅದು ಧ್ರುವದ ಕಡೆಯ ನೆಲವನ್ನೆಲ್ಲ ಹಿಗ್ಗಿಸಿ ಕಣ್ಕಟ್ಟು ಮಾಡುತ್ತದೆ. ಮಕ್ಕಳ ಗ್ಲೋಬ್ ತೆಗೆದುಕೊಂಡು ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆಯಿರಿ. ಪೆಸಿಫಿಕ್ ಸಾಗರದ ಮೇಲೆ ಅಡ್ಡಡ್ಡ ಹೋಗಬೇಕಾದದ್ದು ನೆಟ್ಟಗೆ ಬಡಗಣಕ್ಕೆ ಹೊರಡುತ್ತದೆ! ನೇಪಾಳ, ಟಿಬೆಟ್, ಮಂಗೋಲಿಯಾದ ಪಡುವಣ ತುದಿ, ಆಮೇಲೆ ಮುಗಿಯದ ಸೈಬೀರಿಯಾ. ಕೋಲಿಮಾ ನದಿ ಸಮುದ್ರ ಸೇರುವ ಕಡೆ ಸುಮಾರು 71 ಡಿಗ್ರಿ ಉತ್ತರಕ್ಕೆ ಏರಿ, ಅಲಾಸ್ಕಾ ಹಾದು ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ.

ಮೊದಲ ತೊಡಕು ಟಿಬೆಟ್. ಕ್ಯಾಬಿನ್ನಿನ ಗಾಳಿಯ ಒತ್ತಡ ಕೈಕೊಟ್ಟರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ದೂರದ ವಿಮಾನಗಳು ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಸುತ್ತಿಕೊಂಡೇ ಹೋಗುತ್ತವೆ.

ನನಗೆ ಅತಿ ರುಚಿಸುವ ಲೆಕ್ಕ ಮುಂದಿನದು. ಸೀದಾ ಉತ್ತರ ಧ್ರುವದ ನೆತ್ತಿಯ ಮೇಲೇ ಹಾರಿದರೆ ಎಷ್ಟು ಹೆಚ್ಚಾದೀತು? 375 ಕಿಲೋಮೀಟರಿನ ಆಸುಪಾಸು, ಅರ್ಧ ಗಂಟೆಯೂ ಬೇಡ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನಾನ್‌ಸ್ಟಾಪ್ ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದ ಮಹಿಳಾ ಪೈಲಟ್‌ಗಳ ತಂಡ ಬೋಯಿಂಗ್ 777ಅನ್ನು ಬೆಂಗಳೂರಿಗೆ ತಂದದ್ದು ಧ್ರುವದ ದಾರಿಯಲ್ಲೇ. ಸಾಹಸಕ್ಕಲ್ಲ, ಗಾಳಿಗಾಗಿ. ಮಧ್ಯ ಅಕ್ಷಾಂಶಗಳ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಡುವಣದಿಂದ ಮೂಡಣಕ್ಕೆ ಗಂಟೆಗೆ 200 ಕಿಲೋಮೀಟರ್ ಮೀರಿಯೂ ಬೀಸುತ್ತದೆ. ಅಮೆರಿಕಕ್ಕೆ ಹೋಗುವಾಗ ಪೆಸಿಫಿಕ್ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡರೆ, ಸುತ್ತುದಾರಿಯಾದರೂ ಸುಮಾರು 16 ಗಂಟೆಗೆ ಮುಟ್ಟಬಹುದು. ಬರುವಾಗ ಅದೇ ಎದುರುಗಾಳಿ, ತಪ್ಪಿಸಿಕೊಳ್ಳಲು ಧ್ರುವ. ಆದರೂ 17 ಗಂಟೆ ದಾಟುತ್ತದೆ. (ಭೂಮಿ ಕೆಳಗೆ ತಿರುಗುವುದರಿಂದ ವ್ಯತ್ಯಾಸ ಎನ್ನುವವರಿದ್ದಾರೆ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ಸ್ವಾಮಿ.)

ಧ್ರುವದ ದಾರಿಯೂ ಪುಕ್ಕಟೆಯಲ್ಲ. ದಿಕ್ಸೂಚಿಯ ಮುಳ್ಳನ್ನು ಅಲ್ಲಿ ನಂಬುವ ಹಾಗಿಲ್ಲ. ಅಮೆರಿಕದಲ್ಲಿ ತುಂಬಿಸುವ ಜೆಟ್-ಎ ಇಂಧನದ ಘನೀಕರಣ ಮಿತಿ ಮೈನಸ್ 40 ಡಿಗ್ರಿ. ರೆಕ್ಕೆಯೊಳಗಿನ ಇಂಧನ ಅದರ ಹತ್ತಿರ ತಣ್ಣಗಾದರೆ ವೇಗ ಹೆಚ್ಚಿಸಬೇಕು, ಇಲ್ಲವೇ ಕೊಂಚ ಬೆಚ್ಚಗಿನ ಗಾಳಿಗೆ ಇಳಿಯಬೇಕು. ಇದರ ಮೇಲೆ ರಾಜಕೀಯ. 2022ರಿಂದ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಅವರ ನಕ್ಷೆಯಲ್ಲಿ ಸೈಬೀರಿಯಾ ಒಂದು ದೊಡ್ಡ ಬೇಲಿ.

ಇನ್ನು ಗಡಿಯಾರ. ಚಳಿಗಾಲದಲ್ಲಿ ಎರಡು ಊರುಗಳ ನಡುವೆ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಇಲ್ಲಿ ಮಧ್ಯಾಹ್ನ ಊಟ ಮಾಡಿ ಹತ್ತಿದವರು ಅಲ್ಲಿ ಅದೇ ದಿನ ಸಂಜೆ ಇಳಿಯುತ್ತಾರೆ. ಮರಳುವಾಗ ಅದಕ್ಕೆ ಬಡ್ಡಿ ತೆರಬೇಕು: ಆ ಮೊದಲ ವಿಮಾನ ಅಲ್ಲಿ ಜನವರಿ 9ರ ರಾತ್ರಿ ಎದ್ದು, ಇಲ್ಲಿ 11ರ ನಸುಕಿಗೆ ಇಳಿಯಿತು. ಮಗ ಬರುತ್ತಾನೆಂದು ದೇವನಹಳ್ಳಿಗೆ ಕಾರು ಗೊತ್ತುಮಾಡುವ ಅಪ್ಪಂದಿರು ಟಿಕೆಟ್ಟಿನಲ್ಲಿ ಹೊರಡುವ ತಾರೀಕು ಬಿಟ್ಟು ಇಳಿಯುವ ತಾರೀಕನ್ನೇ ನೋಡಿಕೊಳ್ಳಲಿ.