ಕಂಬದ ಅವಮಾನ, ಮರದೊಳಗಿನ ಹೆಣ

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಲ್ಲುಕಂಬ ಹೇಳುವುದು ಒಂದು ಅವಮಾನದ ಕಥೆ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳಕ್ಕೆ ಬಿದ್ದ. ಬ್ರಾಹ್ಮಣ್ಯ ಕ್ಷತ್ರಿಯರ ಮುಂದೆ ಇಷ್ಟು ಕೀಳಾಯಿತೇ ಎಂದು ಕೆರಳಿದ. ದರ್ಭೆ ಹಿಡಿದಿದ್ದ ಕೈಗೆ ಕತ್ತಿ ಬಂತು. ಶ್ರೀಪರ್ವತದ ಕಾಡು ಸೇರಿ ಪಲ್ಲವರನ್ನು ಕಾಡಿದ, ಕದಂಬ ರಾಜ್ಯ ಕಟ್ಟಿದ. ಐದನೇ ಶತಮಾನದಲ್ಲಿ, ಶಾಂತಿವರ್ಮನ ಕಾಲಕ್ಕೆ, ಕುಬ್ಜ ಎಂಬ ಕವಿ ಇದನ್ನು ಸಂಸ್ಕೃತದಲ್ಲಿ ರಚಿಸಿ ತಾನೇ ಕಲ್ಲಿನ ಮೇಲೆ ಬರೆದ.

ಇದನ್ನು ನಾಡಿನ ಸ್ವಾಭಿಮಾನದ ಮೊದಲ ಪುಟ ಅಂತ ಹೇಳಿಕೊಡುತ್ತಾರೆ. ಇರಲಿ. ನಮ್ಮ ಪ್ರಶ್ನೆ ಬೇರೆ. ಅವಮಾನವಾದವರಿಗೆಲ್ಲ ಕಂಬ ಸಿಗುತ್ತದೆಯೇ? ಕುದುರೆಯವನ ಜಗಳ ಕಲ್ಲಿಗೆ ನೆನಪಿದೆ. ಆ ಕತ್ತಿ ಬಡಿದ ಕಮ್ಮಾರ ಯಾರು? ಕಾಕುಸ್ಥವರ್ಮ ಇಲ್ಲಿ ಕಟ್ಟಿಸಿದ ಕೆರೆಯ ಮಣ್ಣು ಹೊತ್ತವರು ಯಾರು? ಇಲ್ಲಿಗೆ ಬಂದರೆ ಕಂಬದ ಬಾಯಿ ಬಂದ್.

ಇದೇ ಪ್ರಶ್ನೆ ಹಿಡಿದು ನಾವು ಪಶ್ಚಿಮ ಆಫ್ರಿಕದ ಮಾಲಿ ದೇಶದ ಸುಂಜಾಟಾ ಕಾವ್ಯಕ್ಕೆ ಹೋಗಬೇಕು. ಅಲ್ಲಿಯೂ ರಾಜ್ಯ ಕಟ್ಟಿದವನ ಕಥೆ, ಅಲ್ಲಿಯೂ ಬೀಜ ಅವಮಾನವೇ. ಆದರೆ ಅದು ಇರುವುದು ಕಲ್ಲಿನಲ್ಲಲ್ಲ, ನಾಲಿಗೆಯಲ್ಲಿ. ಗಿನಿ ದೇಶದ ಇತಿಹಾಸಕಾರ ಜಿಬ್ರಿಲ್ ತಮ್ಸಿರ್ ನಿಯಾನೆ ಇದನ್ನು ಮಾಮದು ಕುಯಾಟೆ ಎಂಬ ಗ್ರಿಯೋನ ಬಾಯಿಂದ ಕೇಳಿ 1960ರಲ್ಲಿ ಫ್ರೆಂಚಿನಲ್ಲಿ ಅಚ್ಚು ಹಾಕಿಸಿದ. ಮಾಲಿ ಸ್ವತಂತ್ರವಾದದ್ದೂ ಅದೇ ವರ್ಷ. ಗ್ರಿಯೋ ಅಂದರೆ ಕಥೆ ಹಾಡುವವ, ವಂಶಾವಳಿ ಹೇಳುವವ. ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಹೇಳಿ ಕಾಳು ಕೇಳುವ ನಮ್ಮ ಹೆಳವರನ್ನು ನೆನೆಸಿಕೊಂಡರೆ ಸಾಕು.

ಕಥಾನಾಯಕ ಸುಂಜಾಟಾ ಕೂಡ ಕಾಲಿಲ್ಲದ ಹೆಳವನೇ. ಏಳು ವರ್ಷವಾದರೂ ನಡೆಯಲಾರ. ಅವನ ತಾಯಿ ಅಡುಗೆಗೆ ಒಂದಿಷ್ಟು ಬವೋಬಾಬ್ ಸೊಪ್ಪು ಕೇಳಿದ್ದಕ್ಕೆ ಸವತಿ ಹೀಯಾಳಿಸುತ್ತಾಳೆ. ಸವಣೂರಿನ ಮಠದಲ್ಲಿರುವ ದೊಡ್ಡಹುಣಸೆ ಮರಗಳು ಇದೇ ಜಾತಿಯವು. ಹುಡುಗ ಕಮ್ಮಾರರು ಮಾಡಿದ ಕಬ್ಬಿಣದ ಸಲಾಕೆ ಊರಿ ಎದ್ದು ನಿಲ್ಲುತ್ತಾನೆ, ಮರವನ್ನೇ ಕಿತ್ತು ತಂದು ತಾಯಿಯ ಬಾಗಿಲಿಗೆ ಹಾಕುತ್ತಾನೆ.

ಆದರೆ ಆಮೇಲೇನು? ನಾಯಕನನ್ನು ಎಬ್ಬಿಸಿದ್ದು ಕಮ್ಮಾರರ ಕಬ್ಬಿಣ. ಕಾವ್ಯದ ಖಳ ಸುಮಾವೊರೊ ಕಾಂಟೆಯೂ ಕಮ್ಮಾರ ಕುಲದ ರಾಜನೇ! 1235ರ ಸುಮಾರಿಗೆ ಕಿರಿನಾ ಕಾಳಗದಲ್ಲಿ ಅವನು ಸೋತ. ಗೆದ್ದವನ ಗ್ರಿಯೋಗಳು ಅವನನ್ನು ಮಾಟಗಾರನನ್ನಾಗಿ, ಕ್ರೂರಿಯನ್ನಾಗಿ ಹಾಡಿದರು.

ಹಾಡಿದವರ ಗತಿ ಏನು? ಗ್ರಿಯೋ, ಕಮ್ಮಾರ, ಚರ್ಮದ ಕೆಲಸದವ ಎಲ್ಲರೂ 'ನ್ಯಾಮಕಲ' ಎಂಬ ಹುಟ್ಟಿನ ಗುಂಪಿಗೆ ಸೇರಿದವರು. ಕುಲೀನರು ಅವರಿಗೆ ಕಾಣಿಕೆ ಕೊಡುತ್ತಾರೆ, ಅವರ ಮಾತಿಗೆ ಹೆದರುತ್ತಾರೆ. ಹೆಣ್ಣು ಕೊಡಲು ಮಾತ್ರ ಸಂಪ್ರದಾಯ ಒಪ್ಪುವುದಿಲ್ಲ. ನೆರೆಯ ಸೆನೆಗಾಲ್‌ನ ಸೆರೆರ್ ಜನರಲ್ಲಂತೂ ಹಿಂದೆ ಗ್ರಿಯೋ ಸತ್ತರೆ ಮಣ್ಣಿಗೆ ಹಾಕುತ್ತಿರಲಿಲ್ಲ. ಹಾಕಿದರೆ ಭೂಮಿ ಬರಡಾಗುತ್ತದಂತೆ. ಬವೋಬಾಬ್ ಮರದ ಪೊಟರೆಯಲ್ಲಿ ಹೆಣ ಇಡುತ್ತಿದ್ದರು. ಅರಸ ಕಿತ್ತ ಮರ ಕಾವ್ಯವಾಯಿತು, ಕಾವ್ಯ ಹೇಳಿದವನಿಗೆ ಅದೇ ಮರ ಸುಡುಗಾಡಾಯಿತು. ಸ್ಮಶಾನಕ್ಕೆ ದಾರಿಯಿಲ್ಲದೆ ಹೆಣ ಹೊತ್ತು ನಿಂತ ನಮ್ಮ ಕೇರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೆದ್ದ ಸುಂಜಾಟಾ ಗುಲಾಮಗಿರಿಯನ್ನು ತೊಡೆಯುವ ಸನ್ನದು ಸಾರಿದ ಅಂತ ಪರಂಪರೆ ಹೇಳುತ್ತದೆ. ಯುನೆಸ್ಕೋ 2009ರಲ್ಲಿ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. 2020ರಲ್ಲಿ ಅದೇ ಮಾಲಿಯ ಕಾಯೆಸ್ ಪ್ರಾಂತ್ಯದಲ್ಲಿ, ಹುಟ್ಟಿನಿಂದ ಬರುವ ಗುಲಾಮಗಿರಿಯನ್ನು ಎದುರಿಸಿದ ನಾಲ್ವರನ್ನು ಹೊಡೆದು ಕೊಂದರು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿಯಲ್ಲಿ ತೊಡೆದು ಊರಿನಲ್ಲಿ ಉಳಿಸಿಕೊಂಡ ನಾವು ಅವರನ್ನು ನೋಡಿ ನಗುವಂತಿಲ್ಲ.

ಹಾಗಂತ ಗ್ರಿಯೋನ ಕಾವ್ಯವನ್ನು ನಾವು ತಳ್ಳುವುದಿಲ್ಲ. ಸಲಾಕೆ ಬಡಿದ ಕಮ್ಮಾರ ಅಲ್ಲಿ ಕಾಣುತ್ತಾನೆ, ತಾಳಗುಂದದ ಕಂಬದಲ್ಲಿ ಕಾಣುವುದಿಲ್ಲ. ಹೇಳುವವ, ಬಡಿಯುವವ ಒಂದೇ ಸಾಲಿನವರಾದ್ದರಿಂದ ಇದು ಸಾಧ್ಯವಾಯಿತು ಅಂತ ನಮಗನಿಸುತ್ತದೆ. ಆದರೂ ಬಾಯಿ ಅವನದು, ಕಥೆ ಅರಸನದು. ನಮ್ಮ ನೀಲಗಾರರು ಒಂದು ಹೆಜ್ಜೆ ಮುಂದೆ ಹೋದರು. ಅವರ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಬಂದು ಶರಣರನ್ನೇ ಪರೀಕ್ಷೆಗೆ ಹಚ್ಚುತ್ತಾನೆ. ಬಾಯಿಯೂ ಕಥೆಯೂ ಅಲ್ಲಿ ಒಂದಾದವು. ನಮ್ಮ ಕಾವ್ಯದ ಅಳತೆಗೋಲು ಇದು.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ಮಕ್ಕಳಿಗೆ ತಾಳಗುಂದದ ಕಂಬವನ್ನು ಖಂಡಿತ ತೋರಿಸಿ. ಹಾಗೆಯೇ ಕಮ್ಮಾರಸಾಲೆಗೆ, ಕೇರಿಗೆ, ಹೆಳವರ ಬಿಡಾರಕ್ಕೂ ಕಳಿಸಿ, ಅಲ್ಲಿ ಕೇಳಿದ್ದನ್ನು ಅವರ ಮಾತಲ್ಲೇ ಬರೆಸಿ. ಕುಬ್ಜ ಬಿಟ್ಟದ್ದನ್ನು ಬರೆಯುವ ಕೆಲಸ ಈಗ ಈ ಮಕ್ಕಳದು.