ಬೇರ್ಪಟ್ಟ ಉಪ್ಪು ಎಲ್ಲಿಗೆ ಹೋಗುತ್ತದೆ?

ಉಪ್ಪುನೀರನ್ನು ಸಿಹಿಯಾಗಿಸುವ ತಂತ್ರಜ್ಞಾನವನ್ನು ಅದು ಕೊಡುವ ನೀರಿನ ಪ್ರಮಾಣದಿಂದ ಅಳೆಯುವುದು ವಾಡಿಕೆಯಾಗಿದ್ದರೂ, ಪರಿಸರದ ದೃಷ್ಟಿಯಿಂದ ಅದರ ಯೋಗ್ಯತೆಯನ್ನು ನಿರ್ಧರಿಸುವುದು ಬೇರ್ಪಟ್ಟ ಉಪ್ಪಿನ ಗತಿಯೇ ಆಗಿದೆ. ಲವಣವನ್ನು ತಡೆದು ನೀರನ್ನಷ್ಟೇ ಬಿಟ್ಟುಕೊಡುವ ತೆಳುಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸುವ ಕ್ರಮಕ್ಕೆ ಹಿಮ್ಮುಖ ಪರಾಸರಣ, ಬಳಕೆಯ ಮಾತಿನಲ್ಲಿ ಆರ್‌ಒ, ಎಂದು ಹೆಸರು. ನೀರನ್ನು ಕಾಯಿಸಿ ಆವಿಯಾಗಿಸುವ ಹಳೆಯ ಕ್ರಮಕ್ಕಿಂತ ಇದಕ್ಕೆ ತಗಲುವ ಶಕ್ತಿ ಕಡಿಮೆಯಾದರೂ, ಕಡಲನೀರಿನಿಂದ ಒಂದು ಸಾವಿರ ಲೀಟರ್ ಸಿಹಿನೀರನ್ನು ಪಡೆಯಲು ಇಂದಿಗೂ ಸುಮಾರು 3ರಿಂದ 4 ಯೂನಿಟ್ ವಿದ್ಯುತ್ ಬೇಕಾಗುತ್ತದೆ.

ಮಂಗಳೂರಿನ ತಣ್ಣೀರುಬಾವಿಯಲ್ಲಿ ತೈಲ ಶುದ್ಧೀಕರಣ ಸಂಸ್ಥೆಯಾದ ಎಂಆರ್‌ಪಿಎಲ್ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಘಟಕವನ್ನು ಸ್ಥಾಪಿಸಿರುವುದು, ಬೇಸಿಗೆಯಲ್ಲಿ ಸೊರಗುವ ನೇತ್ರಾವತಿ ನದಿಯ ಮೇಲಿನ ಕೈಗಾರಿಕೆಯ ಹೊರೆಯನ್ನು ಇಳಿಸುವುದರಿಂದ ಸಮರ್ಥನೀಯವೇ ಆಗಿದೆ. ಆದರೆ 2019ರಲ್ಲಿ ಪ್ರಕಟವಾದ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನದಂತೆ, ಜಗತ್ತಿನ ಸುಮಾರು 16 ಸಾವಿರ ಘಟಕಗಳು ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರು ಕೊಡುವಾಗ 14.2 ಕೋಟಿ ಘನ ಮೀಟರ್ ಗಾಢ ಉಪ್ಪುನೀರನ್ನು ಹೊರಬಿಡುತ್ತಿದ್ದವು. ತೂಕ ಹೆಚ್ಚಿರುವ ಈ ನೀರು ಸರಿಯಾಗಿ ಬೆರೆಯದಿದ್ದರೆ ಕಡಲತಳದಲ್ಲಿ ಹರಡಿ, ಅಲ್ಲಿನ ಜೀವಿಗಳಿಗೆ ಆಮ್ಲಜನಕದ ಕೊರತೆಯನ್ನು ತರಬಲ್ಲದು.

ಕಡಲಿಗೆ ಈ ಉಪ್ಪನ್ನು ತೆಳುವಾಗಿಸುವ ಶಕ್ತಿಯಾದರೂ ಇದೆ; ಒಳನಾಡಿಗೆ ಅದೂ ಇಲ್ಲ. ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಬಹುಮಟ್ಟಿಗೆ ಇದೇ ಪೊರೆಯನ್ನು ಬಳಸಿ ಕೊಳವೆಬಾವಿಯ ನೀರಿನ ಗಡಸುತನವನ್ನೂ ಫ್ಲೋರೈಡನ್ನೂ ತೆಗೆಯುತ್ತವೆ. ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡಿನ ಮಿತಿ ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 1.5. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ 100 ಲೀಟರ್ ನೀರಿನಲ್ಲಿ 50 ಲೀಟರ್ ಶುದ್ಧವಾದರೆ, ಉಳಿದ 50 ಲೀಟರಿನಲ್ಲಿ ಅದರ ಸಾಂದ್ರತೆ ಸುಮಾರು 6ಕ್ಕೆ ಏರುತ್ತದೆ. ಈ ತ್ಯಾಜ್ಯನೀರು ಚರಂಡಿಗೆ ಬಿದ್ದು ಇಂಗಿದರೆ ಲವಣ ಅದೇ ನೆಲಕ್ಕೆ ಮರಳುತ್ತದೆ, ಮೇಲೆತ್ತಿದ ಅಂತರ್ಜಲದ ಅರ್ಧ ಭಾಗ ಕುಡಿಯಲಾಗದೆ ವ್ಯರ್ಥವಾಗುತ್ತದೆ.

ಸೋಸುವ ಬದಲು ಬೇರೆ ಮೂಲವನ್ನು ಆರಿಸುವ ದಾರಿಯನ್ನು ವಿಮರ್ಶಿಸಲು ಹನೂರು ತಾಲ್ಲೂಕಿನ ಗೋಪಿನಾಥಂ ತಕ್ಕ ನೆಲೆ. ಕಾವೇರಿ ವನ್ಯಜೀವಿಧಾಮದ ಈ ಊರಿನ ಸಮೀಪದಲ್ಲಿ, ಕಾವೇರಿ ನದಿಯ ಮೇಲಿರುವ ಹೊಗೇನಕಲ್‌ನಿಂದಲೇ ತಮಿಳುನಾಡು 2013ರಲ್ಲಿ, ಜಪಾನಿನ ನೆರವಿನ ಯೋಜನೆಯ ಮೂಲಕ, ಫ್ಲೋರೈಡ್‌ಪೀಡಿತ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ನದಿನೀರನ್ನು ಒಯ್ಯತೊಡಗಿತು. ಆ ಯೋಜನೆಗೆ ಕರ್ನಾಟಕದಲ್ಲಿ ವಿರೋಧ ವ್ಯಕ್ತವಾಗಿತ್ತು. ನೀರನ್ನು ಎತ್ತಿ ದೂರ ಸಾಗಿಸಲು ವಿದ್ಯುತ್ತೂ ಬೇಕು. ಹಾಗಿದ್ದರೂ ಅದು ವಿಷವನ್ನು ಸೋಸಿ ಪಕ್ಕಕ್ಕೆ ಚೆಲ್ಲುವ ಬದಲು ವಿಷವಿಲ್ಲದ ಮೂಲವನ್ನೇ ಆರಿಸಿಕೊಂಡಿತು ಎಂಬುದು ಗಮನಾರ್ಹ.

ಆದುದರಿಂದ ನದಿ, ಕೆರೆ, ಮಳೆನೀರು ಒದಗುವ ಕಡೆ ಆರ್‌ಒ ಮೊದಲ ಆಯ್ಕೆಯಾಗಬಾರದು. ಬೇರೆ ದಾರಿಯಿಲ್ಲದ ಊರುಗಳಲ್ಲಿ ಅದನ್ನು ಕುಡಿಯಲು ಮತ್ತು ಅಡುಗೆಗೆ ಬೇಕಾದಷ್ಟು ನೀರಿಗೆ ಸೀಮಿತಗೊಳಿಸಿ, ತ್ಯಾಜ್ಯನೀರನ್ನು ತೊಳೆಯುವ ಕೆಲಸಕ್ಕೆ ಬಳಸಿ, ಉಳಿದುದನ್ನು ಇಂಗದಂತೆ ಕಟ್ಟಿದ ತೊಟ್ಟಿಯಲ್ಲಿ ಆವಿಯಾಗಿಸಬೇಕು. ಉಪ್ಪಿನ ಲೆಕ್ಕವಿಲ್ಲದ ಘಟಕ ಇಂದಿನ ಬಾಯಾರಿಕೆಯನ್ನು ತಣಿಸಿ ನಾಳೆಯ ಕೊಳವೆಬಾವಿಯನ್ನು ಕೆಡಿಸುತ್ತದೆ.